ಗುಳಿಗೆ ಹಂಚುವುದೆಂದರೆ

ಗುಳಿಗೆಯನ್ನು ಕೈಗೆ ಕೊಟ್ಟು ಬಂದರೆ ಹಂಚಿದ ಹಾಗಲ್ಲ. ಮನೆ ಮನೆಗೆ ಔಷಧಿ ಕೊಡುವ ಕೆಲಸಕ್ಕೆ ಸೇರಿದ ಹುಡುಗಿಯರು ಈಗ ನಮ್ಮೂರಲ್ಲೂ ಇದ್ದಾರೆ. ಚೀಲ ಹೆಗಲಿಗೆ ಹಾಕಿಕೊಂಡು ಬಂದು, "ಅಜ್ಜಿ, ಇವತ್ತು ಇಡೀ ಕೇರಿ ಮುಗೀತು" ಎನ್ನುತ್ತಾರೆ. ಏನು ಮುಗಿಯಿತು? ಗುಳಿಗೆ ನಿಮ್ಮ ಚೀಲ ಬಿಟ್ಟು ಹೋಯಿತು, ಅಷ್ಟೇ. ಎಲ್ಲಿಗೆ ಹೋಯಿತು ಎಂದು ನೋಡಿದಿರಾ? ನೋಡಿಲ್ಲ. ಆ ಹುಡುಗಿಯರಿಗಾಗಿಯೇ ಇದನ್ನು ಬರೆಯುತ್ತಿದ್ದೇನೆ. ನಾನು ಓದಿದ್ದು ಎರಡನೇ ಇಯತ್ತೆ. ಅಕ್ಷರ ದೊಡ್ಡದಾಗಿದ್ದರೆ, ತಪ್ಪಿದ್ದರೆ, ತಿದ್ದಿಕೊಂಡು ಓದಿ.

ನಾನು ಚಳಿಜ್ವರದ ಗುಳಿಗೆ ಕೊಡುತ್ತಿದ್ದೆ. ಶಿರಸಿ, ಸಿದ್ದಾಪುರ, ಯಲ್ಲಾಪುರ, ಮೂರೂ ಕಡೆ ತಿರುಗಿದ್ದೇನೆ. ಆ ಕೆಲಸದಲ್ಲಿ ಒಂದೇ ಒಂದು ಸಲ ನನ್ನ ಮೇಲೆ ಕಳ್ಳತನದ ಮಾತು ಬಂತು. ಚೌಡಮ್ಮ ಒಳ್ಳೆಯ ಗುಳಿಗೆ ಮಾರಿಕೊಂಡು ಸುಣ್ಣದ ಗುಳಿಗೆ ಕೊಡುತ್ತಾಳೆ ಎಂದರು. ಅದೇ ಹೊತ್ತಿಗೆ ಒಂದು ಮನೆಯಲ್ಲಿ ಎಳೆಯ ಬಾಣಂತಿಯೊಬ್ಬಳು ಅದೇ ಗುಳಿಗೆ ತೆಗೆದುಕೊಂಡೂ ಜ್ವರದಲ್ಲಿ ಸಾಯುವ ಹಾಗಾಗಿದ್ದಳು. ನನ್ನ ಕೆಲಸ ಹೋಗುವುದೋ, ಅವಳ ಜೀವ ಹೋಗುವುದೋ ಎನ್ನುವ ಹಾಗಿತ್ತು. ಆ ಸಂಗತಿಗೆ ಬರುತ್ತೇನೆ. ಅದಕ್ಕೆ ಮೊದಲು ಕೆಲಸ ಹೇಗಿತ್ತು ಎಂದು ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ನನ್ನ ಗಂಡ ಇದೇ ಚಳಿಜ್ವರದಲ್ಲಿ ಹೋದ. ಅದಕ್ಕಾಗಿಯೇ ನಾನು ಈ ಕೆಲಸಕ್ಕೆ ಸೇರಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಎರಡು ಮಕ್ಕಳಿದ್ದವು, ಸಂಬಳಕ್ಕೆ ಸೇರಿದೆ. ಮೊದಲು ದವಾಖಾನೆಯಲ್ಲಿ ನೆಲ ಒರೆಸುವ ಆಯಾ. ಆಗ ಜ್ವರಕ್ಕೆ ಕೊಡುತ್ತಿದ್ದದ್ದು ಬಾಟಲಿಯ ಕಹಿ ಔಷಧಿ. ಜನ ತಮ್ಮ ಮನೆಯ ಬಾಟಲಿಯನ್ನೇ ತರಬೇಕು. ಕಂಪೌಂಡರು ಔಷಧಿ ಸುರಿದು, ಒಂದೊಂದು ಹೊತ್ತಿಗೆ ಎಷ್ಟು ಎಂದು ತೋರಿಸಲು ಹಲ್ಲು ಹಲ್ಲಾಗಿ ಕತ್ತರಿಸಿದ ಕಾಗದದ ಪಟ್ಟಿಯನ್ನು ಬಾಟಲಿಗೆ ಅಂಟಿಸುತ್ತಿದ್ದ. ಬಾಟಲಿ ತರುವವರ ಕೈ ನೋಡಿಯೇ ಅವನು ನೀರು ಎಷ್ಟು ಬೆರೆಸಬೇಕು ಎಂದು ಲೆಕ್ಕ ಹಾಕುತ್ತಾನೆ ಎಂಬ ಗುಮಾನಿ ನನಗಿತ್ತು. ಬಳೆ ಇದ್ದ ಕೈಯ ಬಾಟಲಿಯಲ್ಲಿ ಔಷಧಿಯ ಬಣ್ಣ ಗಟ್ಟಿ ಇರುತ್ತಿತ್ತು, ಮಣ್ಣು ಮೆತ್ತಿದ ಕೈಯದರಲ್ಲಿ ತೆಳು. ಒಂದು ದಿನ ಕೇಳಿಯೇಬಿಟ್ಟೆ. "ನೆಲ ಒರಸೂದು ಮುಗೀತಾ?" ಎಂದ. ಉತ್ತರ ಸಿಕ್ಕಿತು ಎಂದುಕೊಂಡೆ.

ಆಮೇಲೆ ರಾಜ್ಯ ಒಂದಾಯಿತು. ಮುಂಬಯಿಯವರ ಆಡಳಿತ ಹೋಗಿ ಮೈಸೂರಿನದು ಬಂತು. ಗೋಡೆಗೆ ಔಷಧಿ ಹೊಡೆಯುವವರು ಬಂದರು, ಬೆರಳು ಚುಚ್ಚಿ ಗಾಜಿನ ತುಂಡಿಗೆ ರಕ್ತ ಹಚ್ಚಿಕೊಳ್ಳುವವರು ಬಂದರು, ಬಾಟಲಿಯ ಬದಲು ಡಬ್ಬಿಯಲ್ಲಿ ಬಿಳಿ ಗುಳಿಗೆ ಬಂತು. ಗಂಡಸರು ಹೋದರೆ ಒಳಗಿನ ಹೆಂಗಸರು ಮುಖ ತೋರಿಸುವುದಿಲ್ಲ, ಕೈಯನ್ನಂತೂ ಕೊಡುವುದೇ ಇಲ್ಲ. ಅದಕ್ಕೆ ನನ್ನ ಕೈಯಿಂದ ಪೊರಕೆ ತೆಗೆದು ಡಬ್ಬಿ ಕೊಟ್ಟರು.

ಆ ಕೆಲಸಕ್ಕೆ ಒಬ್ಬೊಬ್ಬರು ಒಂದೊಂದು ಹೆಸರು ಹೇಳುತ್ತಿದ್ದರು. ಹಳೆಯ ಗುಮಾಸ್ತರು ಮುಂಬಯಿ ಕಾಲದವರು, 'ವಾಟಪ' ಎನ್ನುವರು. ಹೊಸದಾಗಿ ಬರೆಸಿದ ಬೋರ್ಡಿನಲ್ಲಿ 'ವಿತರಣೆ' ಎಂದಿತ್ತು. ದೊಡ್ಡ ಡಾಕ್ಟರು ಜೀಪಿನಿಂದ ಇಳಿಯುವಾಗಲೇ "ಡಿಸ್ಟ್ರಿಬ್ಯೂಟ್ ಆಯ್ತಾ?" ಎಂದು ಕೇಳುವರು. ಅವರ ಇಂಗ್ಲಿಷಿನಲ್ಲಿ ಎಲ್ಲಕ್ಕೂ ಅದೊಂದೇ ಮಾತು. ಗುಳಿಗೆಗೂ ಅದೇ, ಬರಗಾಲದ ಜೋಳಕ್ಕೂ ಅದೇ, ಸಾಲೆಯ ಹಾಲಿನ ಪುಡಿಗೂ ಅದೇ, ನಮ್ಮನ್ನು ಮೂರು ತಾಲೂಕಿಗೆ ಚದುರಿಸಿ ಕಳಿಸಿದ್ದಕ್ಕೂ ಅದೇ. ನಮ್ಮಲ್ಲಿ ಹಾಗಿಲ್ಲ. ಅನ್ನ ಬಡಿಸುತ್ತೇವೆ. ಕೂಲಿಯವರಿಗೆ ಭತ್ತ ಅಳೆದು ಹಾಕುತ್ತೇವೆ. ಅಣ್ಣ ತಮ್ಮಂದಿರು ಗದ್ದೆಯನ್ನು ಹಿಸೆ ಮಾಡಿಕೊಳ್ಳುತ್ತಾರೆ. ದೇವರ ಪ್ರಸಾದ ಹಂಚುತ್ತೇವೆ. ಬನವಾಸಿ ಕಡೆಯವರು ಸಂಕ್ರಾಂತಿಗೆ ಎಳ್ಳು ಬೀರುತ್ತಾರೆ. ಒಂದೊಂದರಲ್ಲೂ ಕೊಡುವವನು ಎಲ್ಲಿ ನಿಲ್ಲಬೇಕು, ತೆಗೆದುಕೊಳ್ಳುವವನು ಏನು ಮಾಡಬೇಕು ಎಂಬುದು ಬೇರೆ ಬೇರೆ. ಬಡಿಸಿದವನು ಎಲೆ ನೋಡುತ್ತಾನೆ. ಅಳೆದು ಹಾಕಿದವನು ಕೊಳಗ ನೋಡುತ್ತಾನೆ. ಗುಳಿಗೆ ಕೊಡುವವನು ಏನು ನೋಡಬೇಕು ಎಂದು ಯಾರೂ ಹೇಳಿಕೊಡಲಿಲ್ಲ. ಡಬ್ಬಿ ಖಾಲಿಯಾದರೆ ಡಾಕ್ಟರ ಮಾತಿನಲ್ಲಿ ಕೆಲಸ ಆಯಿತು.

ನನಗೆ ಹಂಚುವುದನ್ನು ಕಲಿಸಿದ್ದು ನನ್ನ ಅಪ್ಪ. ಅವನು ಬೇಟೆಯ ಪಾಲು ಹಾಕುವವನು. ಕಾಡುಹಂದಿ ಬಿದ್ದರೆ ಊರವರೆಲ್ಲ ಬಯಲಲ್ಲಿ ಕೂರುವರು. ಮನೆಗೊಂದು ಪಾಲು, ಕೋವಿಗೊಂದು, ಅಟ್ಟಿಸಿದ ನಾಯಿಗೊಂದು. ಅಪ್ಪ ಬಾಳೆ ಎಲೆಯ ಮೇಲೆ ಗುಡ್ಡೆ ಹಾಕುತ್ತ ಹೋಗುವನು. ಎಲ್ಲರ ಕಣ್ಣೂ ಅವನ ಕೈಯ ಮೇಲೆ. ಪಾಲು ಹಾಕಿದವನು ಎಲ್ಲರೂ ಎತ್ತಿಕೊಂಡ ಮೇಲೆ ಉಳಿದದ್ದನ್ನು ಎತ್ತಬೇಕು. ಆಗ ಕೈ ತಾನಾಗಿ ಸಮ ಹಾಕುತ್ತದೆ. "ಯಾರೂ ನನ್ನ ನಂಬೂದಿಲ್ಲ, ಅದಕ್ಕೇ ನಂಗೆ ಈ ಕೆಲಸ ಕೊಟ್ಟಾರೆ" ಎಂದು ಅಪ್ಪ ನಗುತ್ತಿದ್ದ. ನಾನು ನಗಲಿಲ್ಲ, ಮನಸ್ಸಿನಲ್ಲಿ ಇಟ್ಟುಕೊಂಡೆ.

ಹಾಗಾಗಿ ಮೊದಲ ದಿನದಿಂದಲೇ ನನ್ನ ಪದ್ಧತಿ ಒಂದೇ. ಗುಳಿಗೆ ಕೈಗೆ ಕೊಡು, ನೀರು ತರಿಸು, ಎದುರಿಗೇ ನುಂಗಿಸು, "ಆ" ಅನ್ನಿಸು. ಜನ ಬೈದರು. ಬೈಯಲಿ.

ಬನವಾಸಿ ದಾರಿಯಲ್ಲಿ ಒಬ್ಬ ವ್ಯಾಪಾರಸ್ಥರ ಮನೆ. ಗೌರವದ ಜನ, ನನ್ನನ್ನು ಹೊರಗೆ ನಿಲ್ಲಿಸಿದವರಲ್ಲ. "ಬರ್ರಿ ಚೌಡಮ್ಮ, ಕುಂದರ್ರಿ, ಚಾ ಕುಡೀರಿ" ಎಂದು ಮನೆಯ ಯಜಮಾನಿ ಕರೆಯುವರು. ಅವರ ಗಂಡನಿಗೆ ಜ್ವರ. ಮೊದಲ ದಿನದ ಗುಳಿಗೆ ನನ್ನೆದುರು ನುಂಗಿದರು. ಎರಡನೇ ದಿನದ್ದನ್ನು, "ಊಟ ಆದ ಮ್ಯಾಲೆ ತೊಗೊಂತಾರ, ಇಟ್ಟು ಹೋಗ್ರಿ" ಎಂದರು. ಚಹಾದ ಮುಲಾಜಿಗೆ ಇಟ್ಟು ಬಂದೆ. ಮರುವಾರ ಹೋದರೆ ಗಂಡ ಕಂಬಳಿ ಹೊದ್ದು ಗಡಗಡ ನಡುಗುತ್ತಿದ್ದಾರೆ.

"ಗುಳಿಗೆ ಎಲ್ಲಿ ಹೋಯ್ತ್ರಾ?" ಎಂದೆ.

"ಎತ್ತಿಗೆ ಹಾಕಿದ್ವಿರೀ."

"ಎತ್ತಿಗಾ?"

"ಹೌದ್ರಿ. ಅದೂ ಮೂರು ದಿನದಿಂದ ಮೇವು ಬಿಟ್ಟಿತ್ತು. ಇವರು ಹಾಸಿಗ್ಯಾಗ ಮಲಗಿ ಜ್ವರ ತಡೀತಾರ. ಎತ್ತು ಮಲಗಿದ್ರ ಗಾಡಿ ಯಾರು ಎಳೀಬೇಕ್ರಿ?"

ಕಂಬಳಿಯೊಳಗಿನಿಂದ ಗಂಡ, "ನನ್ನೂ ಒಂದ ಸಲ ಕೇಳಿದ್ರ ನಾನೂ ಎತ್ತಿಗೇ ಕೊಡ್ರಿ ಅಂತಿದ್ದೆ" ಎಂದರು. ಎತ್ತು ಚೆನ್ನಾಗಿ ಮೇಯುತ್ತಿತ್ತು. ಗುಳಿಗೆಯಿಂದ ಅಲ್ಲ, ತಾನಾಗಿ. ಅವತ್ತಿನಿಂದ ಕೆಲಸಕ್ಕೆ ಹೋದ ಮನೆಯಲ್ಲಿ ಚಹಾ ಕುಡಿಯುವುದನ್ನು ಬಿಟ್ಟೆ.

ಯಲ್ಲಾಪುರದ ಆಚೆ ಮರ ಕಡಿಯುವ ಕೂಪು ಇತ್ತು. ಘಟ್ಟದ ಕೆಳಗಿನಿಂದ ಬಂದ ಕೂಲಿಗಳು ಸೊಪ್ಪಿನ ಗುಡಿಸಲು ಕಟ್ಟಿಕೊಂಡಿದ್ದರು. ಅರ್ಧ ಜನಕ್ಕೆ ಜ್ವರ. ಅಲ್ಲಿಯ ಮೇಸ್ತ್ರಿ ಬಹಳ ಒಳ್ಳೆಯ ಮಾತಿನವನು. "ನೀವು ಎಂತಕ್ಕೆ ಗುಡಿಸಲು ಗುಡಿಸಲು ತಿರುಗ್ತ್ರಿ? ಡಬ್ಬಿ ನನ್ನ ಹತ್ರ ಕೊಡಿ, ನಾನು ವಾಟಪ ಮಾಡ್ತೆ" ಎಂದ. ನನ್ನ ಮೇಲಿನ ಇನ್ಸ್‌ಪೆಕ್ಟರು ದೇಸಾಯಿ, ಧಾರವಾಡ ಕಡೆಯವರು, ಅವತ್ತು ಜೊತೆಗಿದ್ದರು. ಅವರ ಬೂಟಿನೊಳಗೆ ಉಂಬಳ ಹತ್ತಿ ರಕ್ತ ಕುಡಿಯುತ್ತಿತ್ತು. "ಕೊಡು ಚೌಡಮ್ಮ, ಕೆಲಸ ಹಗುರ ಆತು" ಎಂದರು. ಕೊಟ್ಟೆವು.

ಮುಂದಿನ ಸಲ ಹೋದಾಗ ಒಂದು ಗುಡಿಸಲಲ್ಲಿ ಮುದುಕಿಯೊಬ್ಬಳು ಚಳಿಗೆ ಹಲ್ಲು ಕಡಿಯುತ್ತ ಮಲಗಿದ್ದಳು. ಗುಳಿಗೆ ಸಿಗಲಿಲ್ಲವಾ ಎಂದು ಕೇಳಿದೆ. ಅವಳ ಸೊಸೆ ಹೇಳಿದಳು: ಕೆಲಸಕ್ಕೆ ಬಂದವರಿಗೆ ಮಾತ್ರ ಮೇಸ್ತ್ರಿ ಗುಳಿಗೆ ಕೊಡುತ್ತಾನಂತೆ. ಜ್ವರ ಬಂದು ಮಲಗಿದವರು ಕೆಲಸಕ್ಕೆ ಬರುವುದಿಲ್ಲ, ಬರದವರಿಗೆ ಗುಳಿಗೆ ಇಲ್ಲ. ಜ್ವರ ಇಲ್ಲದ ಗಟ್ಟಿ ಆಳುಗಳು ದಿನಾ ಬೆಳಿಗ್ಗೆ ಸಾಲಾಗಿ ನಿಂತು ಗುಳಿಗೆ ನುಂಗಿ ಕೊಡಲಿ ಎತ್ತಿಕೊಂಡು ಹೋಗುತ್ತಿದ್ದರು. ಮೇಸ್ತ್ರಿಯನ್ನು ಕೇಳಿದರೆ, "ಎಲ್ಲಾ ಹಂಚಿಯೇ ಮುಗಿಸಿದ್ದು. ಒಂದೂ ನನ್ನ ಮನೆಗೆ ಒಯ್ಯಲಿಲ್ಲ" ಎಂದ. ಅವನು ಹೇಳಿದ್ದು ಸುಳ್ಳಲ್ಲ. ಆಮೇಲೆ ನಾನು ಮೇಸ್ತ್ರಿ, ಪಟೇಲ, ಮಾಸ್ತರು ಯಾರ ಕೈಗೂ ಡಬ್ಬಿ ಕೊಡಲಿಲ್ಲ.

ಇದರಿಂದ ದೇಸಾಯರಿಗೆ ನನ್ನ ಮೇಲೆ ಅಸಮಾಧಾನವಾಯಿತು. ಊರಿನ ದೊಡ್ಡವರು ಅವರ ಹತ್ತಿರ ದೂರುತ್ತಿದ್ದರು. "ನೋಡವಾ" ಎಂದು ನನ್ನನ್ನು ಕೂರಿಸಿಕೊಂಡು ಹೇಳಿದರು, "ಬಡವರ ಮನ್ಯಾಗ ನೀ ಹ್ಯಾಂಗರ ಮಾಡು. ದೊಡ್ಡ ಮನ್ಯಾಗ ಎದುರು ನಿಂತು ನುಂಗ್ರಿ, ಬಾಯಿ ತಗೀರಿ ಅಂತ ಅನಬ್ಯಾಡ. ಕೊಟ್ಟು ಬಾ. ಅವರು ತಿಳದ ಮಂದಿ, ತೊಗೊಂತಾರ." ಇದು ಹುಕುಂ. ನನಗೆ ಸರಿ ಕಾಣಲಿಲ್ಲ, ಆದರೆ ಸಂಬಳ ಅವರ ಸಹಿಯಿಂದ ಬರುತ್ತಿತ್ತು.

ಈಗ ಆ ಮನೆಯ ಸಂಗತಿ. ಹೇರೂರಿನಿಂದ ಕಾಲುದಾರಿಯಲ್ಲಿ ಹೋದರೆ ಸಿಗುವ ಹವ್ಯಕರ ಮನೆ. ಯಜಮಾನಿ ವಿಧವೆ, ಕಟ್ಟಾ ಮಡಿಯ ಹೆಂಗಸು. ನಾವೆಲ್ಲ ಅವರನ್ನು ಅಮ್ಮ ಎಂದೇ ಕರೆಯುತ್ತಿದ್ದೆವು. ಒಬ್ಬ ಮಗ ಗಣಪತಿ, ಅವನ ಹೆಂಡತಿ ಶರಾವತಿ, ಅವಳ ಮೊಲೆ ಕುಡಿಯುವ ಕೂಸು. ಶರಾವತಿಗೆ ದಿನ ಬಿಟ್ಟು ದಿನ ಚಳಿಜ್ವರ. ಮೊದಲ ಸಲ ನೋಡಿದಾಗಲೇ ಅವಳ ಉಗುರು ಸುಣ್ಣದ ಹಾಗಿತ್ತು. ನಾನು ಅಂಗಳದಲ್ಲಿ ನಿಂತಿರಬೇಕು. ಬೆರಳು ಚುಚ್ಚುವಾಗ ಅವಳು ಕೆಳಗಿಳಿದು ಬಂದಳು. ಆಮೇಲೆ ಮೈಗೆ ನೀರು ಹಾಕಿಸಿಕೊಂಡೇ ಒಳಗೆ ಹೋಗಬೇಕಾಯಿತು. ಜ್ವರದ ಮೈಗೆ ನೀರು! ಮುಂದಿನ ದಿನಗಳಲ್ಲಿ ಅಮ್ಮ ಅವಳನ್ನು ಹೊರಗೆ ಬಿಡಲಿಲ್ಲ.

"ಅಲ್ಲೇ ಜಗಲಿ ತುದಿಗೆ ಇಡು ಚೌಡಿ. ಮ್ಯಾಲೆ ಬರಡ."

ಎಲೆಯ ತುಂಡಿನ ಮೇಲೆ ಗುಳಿಗೆ ಇಟ್ಟೆ. "ಹೊಟ್ಟೆಗೆ ಎಂತಾದ್ರೂ ತಿಂದು ನುಂಗ್ಬೇಕು ಅಮ್ಮ. ಇವತ್ತೇ. ಕೂಸಿನ ಕೈಗೆ ಸಿಗಬಾರದು."

"ಗೊತ್ತಿದ್ದು ಮಾರಾಯ್ತಿ. ಯಂಗೇನು ಬುದ್ಧಿ ಇಲ್ಯ?"

ನನಗೆ ಅವಮಾನ ಆಗಲಿಲ್ಲವೇ ಎಂದು ಈಗಿನ ಹುಡುಗಿಯರು ಕೇಳುತ್ತಾರೆ. ಆಯಿತು. ಆದರೆ ಅವಮಾನ ಮಾಡಿಕೊಂಡು ಕೂತರೆ ಮುಂದಿನ ಮನೆಗೆ ಹೋಗುವುದಕ್ಕೆ ಹೊತ್ತಾಗುತ್ತದೆ. ನಾನು ಯೋಚನೆ ಮಾಡಿದ್ದು ಬೇರೆ. ನುಂಗುವುದನ್ನು ನೋಡಲಾಗಲಿಲ್ಲ.

ಒಂದು ಸುತ್ತು ಗುಳಿಗೆ ಮುಗಿಯಿತು, ಜ್ವರ ಬಿಡಲಿಲ್ಲ. ಇನ್ನೊಂದು ಸುತ್ತು ಕೊಟ್ಟೆ, ಬಿಡಲಿಲ್ಲ. ಶರಾವತಿಗೆ ಎದೆಹಾಲು ಬತ್ತುತ್ತ ಬಂತು, ಕೂಸು ಅಳುವುದು ಅಂಗಳಕ್ಕೆ ಕೇಳುತ್ತಿತ್ತು. ಸುತ್ತಲಿನ ನಮ್ಮ ಜನರ ಗುಡಿಸಲುಗಳಲ್ಲಿ ಅದೇ ಡಬ್ಬಿಯ ಗುಳಿಗೆ ನುಂಗಿದವರು ಎದ್ದು ಗದ್ದೆಗೆ ಹೋಗುತ್ತಿದ್ದರು. ಈ ಮನೆಯಲ್ಲಿ ಮಾತ್ರ ಇಲ್ಲ. ಗಣಪತಿ ಸಿದ್ದಾಪುರಕ್ಕೆ ಹೋಗಿ ಆಫೀಸಿನಲ್ಲಿ ತಕರಾರು ಕೊಟ್ಟು ಬಂದ. ಚೌಡಿ ತನ್ನ ಜಾತಿಯವರಿಗೆ ಒಳ್ಳೆಯ ಗುಳಿಗೆ ಕೊಟ್ಟು ನಮಗೆ ಸುಣ್ಣದ ಗುಳಿಗೆ ಕೊಡುತ್ತಾಳೆ, ಉಳಿದದ್ದನ್ನು ಪೇಟೆಯಲ್ಲಿ ಮಾರುತ್ತಾಳೆ ಎಂದು.

ದೇಸಾಯರು ಕರೆಸಿದರು. "ನಿನ್ನ ಮ್ಯಾಲೆ ತಕರಾರ ಬಂದದ ಚೌಡಮ್ಮ. ದೊಡ್ಡ ಮಂದಿ. ನಾ ಏನ ಮಾಡ್ಲಿ?"

ಅವರ ಮುಖ ನೋಡಿದೆ. ನನ್ನನ್ನು ನಂಬಿಲ್ಲ ಎಂದು ತಿಳಿಯಿತು. ನಾನೂ ಅವರನ್ನು ನಂಬಿರಲಿಲ್ಲ. ಡಬ್ಬಿ ನನ್ನ ಕೈಗೆ ಬರುವ ಮೊದಲು ಅವರ ಕಪಾಟಿನಲ್ಲಿರುತ್ತದೆ, ಅದರ ಬೀಗದ ಕೈ ಅವರ ಜನಿವಾರದಲ್ಲಿರುತ್ತದೆ. ಸುಣ್ಣದ ಗುಳಿಗೆ ಬೆರೆತಿದ್ದರೆ ಅಲ್ಲಿಯೇ ಯಾಕೆ ಬೆರೆತಿರಬಾರದು? ಡಬ್ಬಿಯನ್ನು ಮೇಜಿನ ಮೇಲೆ ಬೋರಲು ಹಾಕಿದೆ. "ಯಾವುದಾದ್ರೂ ಎತ್ತಿ ಕೊಡಿ" ಎಂದೆ. ಒಂದು ಎತ್ತಿಕೊಟ್ಟರು. ಬಾಯಿಗೆ ಹಾಕಿ ಅಗಿದೆ. ಕಾಸರಕದ ಬೀಜ ಅಗಿದ ಹಾಗೆ, ಕಿವಿಯ ತನಕ ಕಹಿ.

"ಈಗ ನೀವೊಂದು ಅಗೀರಿ."

"ಏ, ನನಗ ಜ್ವರ ಇಲ್ಲವಾ."

"ನಂಗೂ ಇಲ್ಲ. ನಾನು ಎತ್ತಿ ಕೊಡ್ತೀನಿ."

ಗುಮಾಸ್ತರೆಲ್ಲ ನೋಡುತ್ತಿದ್ದರು, ಬೇಡ ಎನ್ನಲಾಗಲಿಲ್ಲ. ಅಗಿದರು, ಕಿಟಕಿಗೆ ಓಡಿದರು. ಅವರು ಉಗುಳುವಾಗಲೇ ನನಗೆ ಅವರ ಮೇಲಿದ್ದ ಗುಮಾನಿ ಹೋಯಿತು. ತಾನೇ ಬೆರೆಸಿದವನಾಗಿದ್ದರೆ ಎತ್ತಿಕೊಡುವುದನ್ನು ನನಗೆ ಬಿಡದೆ, ಸುಣ್ಣದ್ದನ್ನೇ ಹುಡುಕಿ ಎತ್ತಿ ಅಗಿಯುತ್ತಿದ್ದ. ಬಾಯಿ ಒರೆಸಿಕೊಂಡು ಬಂದು, "ಗುಳಿಗಿ ಖರೇ ಅದಾವ. ಹಂಗಾದ್ರ ನೀ ಕೊಟ್ಟಿಲ್ಲ" ಎಂದರು. "ಮುಂದಿನ ವಾರ ದೊಡ್ಡ ಡಾಕ್ಟರು ಬರ್ತಾರ. ಅಷ್ಟರಾಗ ಆ ಹುಡುಗಿ ಏಳಲಿಲ್ಲ ಅಂದ್ರ ನಿನ್ನ ಕೆಲಸ ಉಳಿಸೋದು ನನ್ನ ಕೈಯಾಗಿಲ್ಲ."

ಗುಳಿಗೆ ಸಾಚಾ, ನಾನು ಕೊಟ್ಟದ್ದು ಸಾಚಾ. ಹಾಗಾದರೆ ಜಗಲಿಯ ತುದಿಯಿಂದ ಶರಾವತಿಯ ಬಾಯಿಯ ತನಕದ ದಾರಿಯಲ್ಲಿ ಯಾರೋ ಇದ್ದಾರೆ. ಅಮ್ಮ ಬಿಟ್ಟರೆ ಮತ್ತೆ ಯಾರು? ಸೊಸೆ ಕಂಡರೆ ಆಗುವುದಿಲ್ಲವೇನೋ, ಮಗನಿಗೆ ಇನ್ನೊಂದು ಮದುವೆ ಮಾಡುವ ಯೋಚನೆ ಇದೆಯೇನೋ, ಗುಳಿಗೆಯನ್ನು ಗೊಬ್ಬರಗುಂಡಿಗೆ ಎಸೆಯುತ್ತಾರೇನೋ ಎಂದುಕೊಂಡೆ. ಹೇರೂರಿನ ದಾರಿಯುದ್ದಕ್ಕೂ ಆ ಮುದುಕಿಗೆ ಮನಸ್ಸಿನಲ್ಲೇ ಬೈಯುತ್ತ ಹೋದೆ.

ಎಂದಿನಂತೆ ಜಗಲಿಯ ತುದಿಗೆ ಗುಳಿಗೆ ಇಟ್ಟೆ. "ಬತ್ತೆ ಅಮ್ಮ" ಎಂದು ಹೇಳಿ ತಿರುಗಿದೆ. ಬೇಲಿಯ ದಣಪೆ ದಾಟಿ, ಸುತ್ತು ಹಾಕಿ, ಕೊಟ್ಟಿಗೆಯ ಹಿಂದೆ ಬಂದು ನಿಂತೆ. ಅಲ್ಲಿಂದ ಹಿತ್ತಲಿನ ಬಾವಿಕಟ್ಟೆ ಕಾಣುತ್ತದೆ.

ಅಮ್ಮ ಬಂದರು. ಗುಳಿಗೆಯನ್ನು ಕೈಯಿಂದ ಮುಟ್ಟದೆ ಎಲೆಯ ಸಮೇತ ಹಿಡಿದಿದ್ದರು. ಗೊಬ್ಬರಗುಂಡಿಯ ಕಡೆ ಹೋಗಲಿಲ್ಲ. ತೆಂಗಿನ ಗರಟೆಗೆ ಗುಳಿಗೆ ಜಾರಿಸಿ, ಮೇಲಿನಿಂದ ನೀರು ಬಿಟ್ಟರು. ಗರಟೆಯನ್ನು ತಿರುಗಿಸಿ ತಿರುಗಿಸಿ ತೊಳೆದು, ನೀರನ್ನು ದಾಸವಾಳದ ಬುಡಕ್ಕೆ ಚೆಲ್ಲಿದರು. ಮತ್ತೆ ನೀರು, ಮತ್ತೆ ಚೆಲ್ಲಿದರು. ಮತ್ತೊಮ್ಮೆ ತುಂಬ ನೀರು ಬಿಟ್ಟು, ಅದನ್ನು ಕಟ್ಟೆಯ ಮೇಲಿಟ್ಟು, ಎಲೆ ಮುಚ್ಚಿ, ಸ್ನಾನಕ್ಕೆ ಬಚ್ಚಲಿಗೆ ಹೋದರು. ಮಡಿಯಲ್ಲಿ ಬಂದು ಎತ್ತಿ ಒಳಗೆ ಒಯ್ಯುವುದಕ್ಕೆ.

ನಮ್ಮ ಕೈಯಿಂದ ಬಂದ ಅಡಿಕೆ, ವೀಳ್ಯದೆಲೆ, ಬೆಳ್ಳಿ ನಾಣ್ಯ ಎಲ್ಲಕ್ಕೂ ಆ ಮನೆಯಲ್ಲಿ ಹಾಗೆಯೇ. ನೀರು ಬಿಟ್ಟರೆ ಶುದ್ಧ. ಅಡಿಕೆ ಕರಗುವುದಿಲ್ಲ, ನಾಣ್ಯ ಕರಗುವುದಿಲ್ಲ. ನಾನು ಹತ್ತಿರ ಹೋಗಿ ಎಲೆ ಎತ್ತಿದೆ. ನೀರು ಹಾಲಿನ ಹಾಗೆ ಬೆಳ್ಳಗಾಗಿತ್ತು. ಗುಳಿಗೆ ಇದ್ದ ಜಾಗದಲ್ಲಿ ಹಿಟ್ಟಿನ ಚೂರು. ಬೆರಳು ಅದ್ದಿ ನಾಲಿಗೆಗೆ ಇಟ್ಟೆ. ಅದೇ ಕಹಿ.

ಅಮ್ಮ ಒದ್ದೆ ಸೀರೆಯಲ್ಲಿ ಬಂದು ನನ್ನನ್ನು ನೋಡಿ ಕಿರುಚಿದರು. "ಹಾಂ! ಇಲ್ಲಿ ಎಂತ ಮಾಡ್ತೆ ಚೌಡಿ? ಅದನ್ನ ಮುಟ್ಟಡ!"

"ಮುಟ್ಟಿ ಆಯ್ತು. ನೆಕ್ಕಿಯೂ ಆಯ್ತು."

"ರಾಮ ರಾಮ! ಶರಾವತಿ ನುಂಗಕಾದ್ದು ಅದು!"

"ಎಂತ ನುಂಗೂದು ಅಮ್ಮ? ಮದ್ದೆಲ್ಲ ನಿಮ್ಮ ದಾಸಾಳ ಕುಡದದೆ. ಅದಕ್ಕೆ ಇನ್ನು ಏಳು ಜನ್ಮ ಚಳಿಜ್ವರ ಬರೂದಿಲ್ಲ."

ಅವರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಗರಟೆಯೊಳಗೆ ಬಗ್ಗಿ ನೋಡಿದರು. ನಾನು ನನ್ನ ಡಬ್ಬಿಯಿಂದ ಇನ್ನೊಂದು ಗುಳಿಗೆ ತೆಗೆದು ಅಂಗೈಯಲ್ಲಿ ಹಿಡಿದು ತೋರಿಸಿದೆ. ಗಟ್ಟಿ ಗುಳಿಗೆ, ಈ ಚೂರು. ಎರಡನ್ನೂ ನೋಡಿದರು. ತೊಳೆಯಬಾರದು ಎಂದು ಮೊದಲೇ ಹೇಳಲಿಲ್ಲವೆಂದು ಆಮೇಲೆ ಸಿಟ್ಟು ಬಂತು. ನನ್ನ ಮೇಲೆ.

"ತೊಳೀಲಾಗ ಹೇಳಿ ನೀ ಹೇಳಿದ್ಯ? ಉಂಡ್ಕಂಡು ನುಂಗು ಹೇಳ್ದೆ, ಕೂಸಿನ ಕೈಗೆ ಕೊಡಡ ಹೇಳ್ದೆ. ತೊಳೀಲಾಗ ಹೇಳಿ ಹೇಳಿದ್ಯನೇ?"

"ಗುಳಿಗೆ ತೊಳೀತಾರೆ ಅಂತ ಯಾರಿಗ್ರಾ ಗೊತ್ತು?"

"ಮೂರು ನೀರಲ್ಲಿ ತೊಳದ್ದಿ. ಶುದ್ಧ ಇರವು, ಅದರ ಹೊಟ್ಟೆಗೆ ಹೋಪದು ಹೇಳಿ. ಯನ್ನ ಮಗಳು ಇದೇ ಜ್ವರದಲ್ಲಿ ಹೋತು. ಈ ಸೊಸೆನೂ ಕಳ್ಕಳವು ಹೇಳಿ ತೊಳದ್ನ ಆನು?"

ನಾನು ದಾರಿಯುದ್ದಕ್ಕೂ ಬೈದದ್ದು ಬೇರೆ ಯಾವುದೋ ಮುದುಕಿಗೆ ಎಂದು ತಿಳಿದುಕೊಳ್ಳಬೇಕಾಯಿತು. ಇವರು ಅಷ್ಟು ಜೋಪಾನವಾಗಿ ತೊಳೆಯದಿದ್ದರೆ ಶರಾವತಿ ಅರ್ಧವಾದರೂ ಗುಣವಾಗಿರುತ್ತಿದ್ದಳು.

ಈಗ ತೊಡಕು ಅದಲ್ಲ. ತೊಳೆಯದೆ ಹೇಗೆ ಕೊಡುವುದು? ನನ್ನ ಕೈಯದು ತೊಳೆಯದೆ ಒಳಗೆ ಹೋಗುವ ಹಾಗಿಲ್ಲ. ಶರಾವತಿ ಹೊರಗೆ ಬಂದು ನನ್ನ ಕೈಯಿಂದ ತೆಗೆದುಕೊಂಡರೆ ಮತ್ತೆ ತಲೆಗೆ ನೀರು ಹಾಕಿಸಿಕೊಳ್ಳಬೇಕು. ಆ ಮೈಗೆ ಇನ್ನೊಂದು ಸಲ ನೀರು ಬಿದ್ದರೆ ಹೊತ್ತೊಯ್ಯುವುದೇ. ನನಗೆ ದಾರಿ ಹೊಳೆಯಲಿಲ್ಲ, ಸುಳ್ಳು ಹೇಳುವುದಿಲ್ಲ. ಅಮ್ಮ ಬಾವಿಕಟ್ಟೆಯ ಮೇಲೆ ಒದ್ದೆ ಸೀರೆಯಲ್ಲೇ ಕೂತರು. ಒಳಗೆ ಕೂಸು ಅಳುತ್ತಿತ್ತು. ಆಮೇಲೆ ಎದ್ದು ಹಿತ್ತಲ ಬಾಗಿಲಲ್ಲಿ ನಿಂತು ಕೂಗಿದರು.

"ಶರಾವತೀ, ನೀ ಹೊರಗಾಜು. ಹಾಸಿಗೆ ಕೊಟ್ಟಿಗೆ ಪಕ್ಕದ ಕೋಣೆಗೆ ಹಾಕ್ಯ."

ಒಳಗಿನಿಂದ ಬಲವಿಲ್ಲದ ದನಿ ಬಂತು. "ಇಲ್ಲೆ ಅತ್ತೆ, ಆನು ಹೊರಗಾಜಿಲ್ಲೆ..."

"ಆನು ಹೇಳಿದ್ಮೇಲೆ ಆಜು! ಯನ್ನ ಎದುರು ವಾದ ಮಾಡಡ. ಏಳು."

ತಿಂಗಳ ಮುಟ್ಟಾದ ಹೆಂಗಸು ಹೊರಗೆ ಕೂರುತ್ತಾಳೆ. ಹೊರಗೆ ಕೂತವಳಿಗೆ ಮಡಿ ಇಲ್ಲ, ಅವಳು ಯಾರ ಕೈಯಿಂದ ಏನು ತೆಗೆದುಕೊಂಡರೂ ಕೇಳುವವರಿಲ್ಲ. ಒಳಗೆ ಬರುವಾಗ ಒಮ್ಮೆ ಸ್ನಾನ ಮಾಡಿದರೆ ಮುಗಿಯಿತು, ಅಷ್ಟರೊಳಗೆ ಜ್ವರ ಬಿಟ್ಟಿರುತ್ತದೆ. ದೊಡ್ಡ ಡಾಕ್ಟರಿಗೂ ಇನ್ಸ್‌ಪೆಕ್ಟರಿಗೂ ನನಗೂ ಹೊಳೆಯದ ದಾರಿಯನ್ನು ಅವರು ತಮ್ಮ ಮಡಿಯೊಳಗಿನಿಂದಲೇ ತೆಗೆದರು. ಗಣಪತಿ ಕಣ್ಣು ಕಣ್ಣು ಬಿಡುತ್ತ ಹಾಸಿಗೆ ಹೊತ್ತು ತಂದ.

ಶರಾವತಿ ಕೋಣೆಯ ಬಾಗಿಲಲ್ಲಿ ಕೂತಳು. ಅಮ್ಮ ದೂರದಿಂದ ಗಂಜಿ ಸುರಿದರು. ಉಂಡಳು. ನಾನು ಅವಳ ಅಂಗೈಯಲ್ಲಿ ಗುಳಿಗೆ ಇಟ್ಟೆ. ನುಂಗಿದಳು. "ಆ ಅನ್ನು" ಎಂದೆ. ಬಾಯಿ ತೆಗೆದಳು. "ನಾಲಿಗೆ ಎತ್ತು." ಎತ್ತಿದಳು. ಹಿಂದೆ ನಿಂತ ಅಮ್ಮ, "ಎಮ್ಮೆ ಹಲ್ಲು ನೋಡ್ದಂಗೆ ನೋಡ್ತೆ ಮಾರಾಯ್ತಿ" ಎಂದರು. ಗುಳಿಗೆ ಮುಗಿಯುವ ತನಕ ದಿನಾ ನಡೆದು ಹೋದೆ. ಬೇರೆಯವರ ಮೇಲೆ ಬಿಡಲು ಮನಸ್ಸಾಗಲಿಲ್ಲ. ಜ್ವರ ಬರಬೇಕಾದ ದಿನ ನಾವು ಮೂವರೂ ಕಾಯುತ್ತ ಕೂತಿದ್ದೆವು. ಮಧ್ಯಾಹ್ನ ಕಳೆಯಿತು, ನಡುಕ ಬರಲಿಲ್ಲ. ಸಂಜೆ ಶರಾವತಿ, "ಹಶಿವಾಗ್ತು" ಎಂದಳು. ಅಮ್ಮ ಒಳಗೆ ಓಡಿದರು.

ದ್ವಾರಕ್ಕೆ ತೋರಣ ಕಟ್ಟಿ ನನ್ನನ್ನು ಯಾರೂ ಕರೆಯಲಿಲ್ಲ. ಗಣಪತಿ ಆಫೀಸಿಗೆ ಹೋಗಿ ತಕರಾರು ಹಿಂದೆ ತೆಗೆದುಕೊಂಡ. ನನ್ನ ಹತ್ತಿರ ತಪ್ಪಾಯಿತು ಎನ್ನಲಿಲ್ಲ, ನಾನು ಕಾಯಲೂ ಇಲ್ಲ. ದೇಸಾಯರು, "ನೋಡಿದೇನ, ದೊಡ್ಡ ಮಂದಿ ತಿಳದವರಿರ್ತಾರ ಅಂತ ನಾ ಮೊದಲ ಹೇಳಿದ್ನಲ್ಲ" ಎಂದರು. ಆದರೆ ದೊಡ್ಡ ಮನೆಯಲ್ಲಿ ಎದುರು ನಿಲ್ಲಬೇಡ ಎಂಬ ಮಾತು ಮತ್ತೆ ಎತ್ತಲಿಲ್ಲ. ಅಷ್ಟು ಸಾಕು.

ಅಮ್ಮನ ಜೊತೆ ನನ್ನ ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ಮಳೆಗಾಲ ಕಳೆದ ಮೇಲೆ ಅವರಿಗೇ ಚಳಿಜ್ವರ ಬಂತು. ಈ ಸಲ ಶರಾವತಿಯೇ ಹೇಳಿ ಕಳಿಸಿದಳು. ನಾನು ಹೋದಾಗ ಅಮ್ಮ ಜಗಲಿಯ ಮೇಲೆ ಕಂಬಳಿ ಹೊದ್ದು ಕೂತಿದ್ದರು. ಮುಟ್ಟು ನಿಂತು ಎಷ್ಟೋ ವರ್ಷವಾದ ಮಡಿ ಹೆಂಗಸು, ಸೊಸೆಗೆ ತೆಗೆದ ದಾರಿ ತನಗೆ ನಡೆಯುವ ಹಾಗಿಲ್ಲ.

"ಹೊರಗೆ ಕೂರೂಕೆ ಆಗೂದಿಲ್ಲಲ್ರಾ ಅಮ್ಮ, ಈಗ ಎಂತ ಮಾಡ್ತ್ರಿ?" ಎಂದೆ. ಶರಾವತಿ ಬಾಗಿಲ ಹಿಂದೆ ಮುಖಕ್ಕೆ ಸೆರಗು ಒತ್ತಿಕೊಂಡು ನಗುತ್ತಿದ್ದಳು.

"ನಗ್ಯಾಡಡ. ಯನ್ನ ಮುಟ್ಟದ್ದೆ ಮ್ಯಾಲಿಂದ ಬಾಯಿಗೆ ಹಾಕು."

ಕತ್ತೆತ್ತಿ ಬಾಯಿ ತೆರೆದರು. ನಾನು ಮೆಟ್ಟಿಲ ಮೇಲೆ ನಿಂತು, ಕೈ ಚಾಚಿ, ಮೇಲಿನಿಂದ ಗುಳಿಗೆ ಬಿಟ್ಟೆ. ಬಾಯಿ ಮುಚ್ಚಿದರು. ಗಿಂಡಿಯ ನೀರನ್ನು ಎತ್ತಿ ಗಟಗಟ ಕುಡಿದರು. ಕೈಸನ್ನೆಯಲ್ಲೇ ಆಯಿತು, ಹೋಗು ಎಂದರು.

ನಾನು ಹೋಗಲಿಲ್ಲ. ನುಂಗಿದವರ ಮುಖ ಒಂದು ಗಳಿಗೆಯಲ್ಲಿ ಸರಿಯಾಗುತ್ತದೆ. ಇವರ ಮುಖ ಹಿಂಡುತ್ತ ಹಿಂಡುತ್ತ ಹೋಗುತ್ತಿತ್ತು, ಕಣ್ಣಿನಲ್ಲಿ ನೀರು ಬಂತು, ಆದರೂ ತುಟಿ ಬಿಚ್ಚಲೊಲ್ಲರು. ನಾನು ಹೋದೊಡನೆ ಉಗುಳಿ ಬಾಯಿ ತೊಳೆಯಬೇಕು ಎನ್ನುವ ಹಾಗೆ ಬಾವಿಕಟ್ಟೆಯ ಕಡೆ ಒಂದು ಸಲ ನೋಡಿದರು.

"ಅಮ್ಮಾ, ಆ ಅನ್ನಿ" ಎಂದೆ.

ತಲೆ ಅಲ್ಲಾಡಿಸಿದರು.

"ಶರಾವತಿಗೆ ಅನ್ನಿಸಿದ್ದೆ. ನಿಮಗೂ ಬಿಡೂದಿಲ್ಲ."

ಬಾಯಿ ತೆರೆದರು. ನಾಲಿಗೆ ಎತ್ತಿ ಎಂದೆ. ಎತ್ತಿದರು. ಗುಳಿಗೆ ಅಲ್ಲೇ ಇತ್ತು.